ನೆನಪಿಟ್ಟುಕೊಳ್ಳುವ ಕೆಲಸವನ್ನೂ ಹಂಚಿ

ಕೆಲಸಕ್ಕೆ ಹೋಗುವ, ಮಕ್ಕಳಿರುವ, ಜೊತೆಗೆ ಬರೆಯುವ ಹಾಡುವ ಚಿತ್ರ ಬಿಡಿಸುವ ಆಸೆಯೂ ಇರುವ ಹೆಂಗಸಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಬೆಳಿಗ್ಗೆ ಬೇಗ ಏಳಿ. ಐದಕ್ಕೆ ಏಳಿ, ಸಾಲದಿದ್ದರೆ ನಾಲ್ಕಕ್ಕೆ ಏಳಿ. ಇದಕ್ಕೆ ಸಾಕ್ಷಿಯಾಗಿ ಸಾಮಾನ್ಯವಾಗಿ ಬರುವ ಹೆಸರು ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರದು. ರಾಂಡಮ್ ಹೌಸ್ ಪ್ರಕಾಶನದಲ್ಲಿ ಸಂಪಾದಕಿಯಾಗಿದ್ದರು. ಗಂಡನಿಂದ ಬೇರೆಯಾಗಿ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಬೆಳೆಸುತ್ತಿದ್ದರು. ಬೆಳಕು ಹರಿಯುವ ಮುಂಚೆ ಎದ್ದು ಬರೆಯುತ್ತಿದ್ದರು. ಮೊದಲ ಕಾದಂಬರಿ 1970ರಲ್ಲಿ ಬಂತು, ಆಗ ಅವರಿಗೆ 39. ಮುಂದೆ 1993ರಲ್ಲಿ ನೊಬೆಲ್ ಬಂತು. ನೋಡಿ, ಅವರಿಗೆ ಸಾಧ್ಯವಾಯಿತು, ನಿಮಗೇಕೆ ಆಗೋದಿಲ್ಲ?

ಈ ಕಥೆ ನಿಜ. ಆದರೆ ಇದನ್ನು ಹೇಳುವವರು ಇದರ ಅರ್ಧವನ್ನು ಬಿಟ್ಟುಬಿಡುತ್ತಾರೆ. ಮಾರಿಸನ್ ಹೊತ್ತಿಗೆ ಮುಂಚೆ ಎದ್ದದ್ದು ಯಾವುದೋ ಶಿಸ್ತಿನ ಪುಸ್ತಕ ಓದಿ ಅಲ್ಲ. ಮಕ್ಕಳು ಎದ್ದು 'ಅಮ್ಮಾ' ಅನ್ನುವ ಮುಂಚಿನ ಹೊತ್ತು ಮಾತ್ರ ಅವರ ಪಾಲಿಗೆ ಉಳಿದಿತ್ತು, ಹಾಗಾಗಿ ಎದ್ದರು. ಅದನ್ನು ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಮುಂದೆ, 1983ರಲ್ಲಿ, ಅವರು ಆ ಕೆಲಸ ಬಿಟ್ಟರು. ಅವರ ಅತ್ಯಂತ ಹೆಸರಾದ ಕಾದಂಬರಿ ಬಂದದ್ದು 1987ರಲ್ಲಿ. ಕೆಲಸ ಬಿಟ್ಟದ್ದರಿಂದಲೇ ಆ ಕಾದಂಬರಿ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ಬದುಕಿನಿಂದ ಬರೀ ಅಲಾರಾಂ ಗಡಿಯಾರವನ್ನು ಎತ್ತಿಕೊಂಡು ಬರುವುದು ಸರಿಯಲ್ಲ, ಅಲ್ವಾ?

ರಾತ್ರಿ ಮೂರು ಸಲ ಮಗು ಎದ್ದ ಮನೆಯಲ್ಲಿ ಐದಕ್ಕೆ ಏಳು ಅಂತ ತಾಯಿಗೆ ಹೇಳುವುದು ಕ್ರೌರ್ಯ. ಅಲ್ಲಿ ಅವಳು ಕೊಡುತ್ತಿರುವುದು ತನ್ನ ನಿದ್ದೆಯನ್ನು. ಮನೆಯಲ್ಲಿ ಬೇರೆ ಯಾರೂ ಏನನ್ನೂ ಬಿಟ್ಟುಕೊಡುತ್ತಿಲ್ಲ. ಅದಕ್ಕೇ ಈ ಸಲಹೆ ಎಲ್ಲರಿಗೂ ಇಷ್ಟ. ಅದರಿಂದ ಯಾರ ದಿನಚರಿಯೂ ಬದಲಾಗುವುದಿಲ್ಲ.

ಈಗ ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಹೇಗೋ ಒಂದು ಗಂಟೆ ಬಿಡುವು ಸಿಕ್ಕಿದೆ. ಬಾಗಿಲು ಹಾಕಿದ್ದೀರಿ, ನೋಟ್‌ಬುಕ್ ತೆರೆದಿದ್ದೀರಿ. ಒಂದು ಸಾಲು ಬರೆಯುವಷ್ಟರಲ್ಲಿ ಶಾಲೆಯ ಫೀಸ್ ಕಟ್ಟಲು ನಾಳೆಯೇ ಕೊನೆಯ ದಿನ ಅಂತ ನೆನಪಾಗುತ್ತದೆ. ಕೆಮ್ಮಿನ ಔಷಧಿ ಮುಗಿಯುತ್ತಾ ಬಂದಿದೆ. ಮಗಳ ಶೂ ಚಿಕ್ಕದಾಗಿದೆ. ಆಫೀಸಿನ ಆ ಒಂದು ಮೇಲ್‌ಗೆ ಉತ್ತರ ಹೋಗಿಲ್ಲ. ಗಂಟೆ ಅಲ್ಲೇ ಇದೆ, ಯಾರೂ ಕದ್ದಿಲ್ಲ. ಆದರೆ ತಲೆ ನಿಮ್ಮದಾಗಿ ಉಳಿದಿಲ್ಲ. ನಾನು ಇವತ್ತು ಈ ಸಭೆಯಲ್ಲಿ ಮಾತಾಡಬೇಕು ಅಂದುಕೊಂಡಿರುವುದು ಈ ತಲೆಯ ಬಗ್ಗೆ. ನಮ್ಮಂಥವರಿಗೆ ಸಮಯದ ಕೊರತೆ ಇದೆ, ನಿಜ. ಅದಕ್ಕಿಂತ ಜಾಸ್ತಿ ಇರುವುದು ಖಾಲಿ ತಲೆಯ ಕೊರತೆ. ಬರವಣಿಗೆಯೋ ಸಂಗೀತವೋ ಕೇಳುವುದು ಅದನ್ನೇ.

ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 35 ದಂಪತಿಗಳನ್ನು ಕೂರಿಸಿಕೊಂಡು ಮಾತಾಡಿಸಿ 2019ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಮನೆಗೆಲಸದ ಒಳಗೆ ಅಡಗಿರುವ ಯೋಚನೆಯ ಕೆಲಸವನ್ನು ಅವರು ನಾಲ್ಕಾಗಿ ಬಿಡಿಸಿ ನೋಡಿದರು. ಮುಂದೆ ಏನು ಬೇಕಾಗಬಹುದು ಅಂತ ಮೊದಲೇ ಗಮನಿಸುವುದು. ಅದಕ್ಕೆ ಏನೇನು ದಾರಿ ಇದೆ ಅಂತ ಹುಡುಕುವುದು. ಅದರಲ್ಲಿ ಒಂದನ್ನು ತೀರ್ಮಾನಿಸುವುದು. ಆಮೇಲೆ ಅದು ಸರಿಯಾಗಿ ನಡೆಯಿತೇ ಅಂತ ಕಣ್ಣಿಡುವುದು. ಇದರಲ್ಲಿ ತೀರ್ಮಾನ ಮಾಡುವ ಭಾಗದಲ್ಲಿ ಗಂಡ ಹೆಂಡತಿ ಇಬ್ಬರೂ ಇರುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು, ಅಂದರೆ ಗಮನಿಸುವುದು ಮತ್ತು ಕಣ್ಣಿಡುವುದು, ಹೆಚ್ಚಾಗಿ ಹೆಂಗಸಿನ ಪಾಲಿಗೆ ಬೀಳುತ್ತಿತ್ತು. ಅಧಿಕಾರ ಇಬ್ಬರಿಗೆ, ಕಾವಲು ಒಬ್ಬಳಿಗೆ!

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ಜಗತ್ತಿನಲ್ಲಿ ಹೋಗುವ ಒಟ್ಟು ಗಂಟೆಗಳಲ್ಲಿ ಶೇ. 76.2ರಷ್ಟು ಹೆಂಗಸರದು. ಇದು ಕೈಕಾಲು ಆಡಿಸುವ ಕೆಲಸದ ಲೆಕ್ಕ. ನೀವು ಸ್ನಾನ ಮಾಡುತ್ತಾ ಮಗುವಿನ ಲಸಿಕೆಯ ತಾರೀಕು ನೆನಪಿಸಿಕೊಂಡರೆ, ಆ ಹತ್ತು ನಿಮಿಷ ಲೆಕ್ಕದಲ್ಲಿ ಸ್ನಾನ. ಬಸ್ಸಿನಲ್ಲಿ ಕೂತು ಶೂ ಅಳತೆ ಯೋಚಿಸಿದರೆ ಅದು ಪ್ರಯಾಣ. ಕಾವಲಿನ ಕೆಲಸ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮನೆಯವರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಸಲ ಮಾಡುವವಳಿಗೇ ಗೊತ್ತಿರುವುದಿಲ್ಲ. ಸಂಜೆ ಹೊತ್ತಿಗೆ ಯಾಕೆ ಇಷ್ಟು ಸುಸ್ತು, ಇವತ್ತು ಅಂಥದ್ದೇನೂ ಮಾಡಲಿಲ್ಲವಲ್ಲ, ಅಂದುಕೊಳ್ಳುತ್ತಾಳೆ.

ಮನೆಗಳಲ್ಲಿ ನಾವು ದಿನಾ ಕೇಳುವ ಒಂದು ಮಾತಿದೆ. "ನೀನು ಹೇಳು, ನಾನು ಮಾಡ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಮ್ಮ ಮನೆಯಲ್ಲೂ ಈ ಮಾತು ಬಹಳ ವರ್ಷ ಓಡಿತು. ಆದರೆ ಹೇಳಬೇಕಾದರೆ ನಾನು ನೆನಪಿಟ್ಟುಕೊಳ್ಳಬೇಕು, ಸರಿಯಾದ ಹೊತ್ತಿಗೆ ಹೇಳಬೇಕು, ಆಮೇಲೆ ಆಯಿತೇ ಅಂತ ಕೇಳಬೇಕು. ಕೇಳಿದರೆ "ಎಷ್ಟು ಸಲ ಕೇಳ್ತೀಯ" ಅನ್ನುವ ಮಾತು ಬೇರೆ. ಔಷಧಿ ತರುವ ಹತ್ತು ನಿಮಿಷ ನನ್ನ ಕೈತಪ್ಪಿತು ಅಷ್ಟೇ. ಔಷಧಿ ಇಡೀ ದಿನ ನನ್ನ ತಲೆಯಲ್ಲೇ ಇತ್ತು.

ಹಾಗಾಗಿ ಹಂಚುವುದಾದರೆ ಕೆಲಸವನ್ನು ಬೇರು ಸಮೇತ ಹಂಚಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮಕ್ಕಳ ಆರೋಗ್ಯ ಗಂಡನ ಹೊಣೆ ಅಂತ ತೀರ್ಮಾನವಾಯಿತು ಅಂದುಕೊಳ್ಳಿ. ಆಗ ಡಾಕ್ಟರ ನಂಬರ್ ಅವರ ಫೋನಿನಲ್ಲಿ ಇರಬೇಕು. ಲಸಿಕೆಯ ಕಾರ್ಡ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಬೇಕು. ಯಾವ ಔಷಧಿ ಮಗುವಿಗೆ ಆಗಿಬರುವುದಿಲ್ಲ ಅನ್ನುವುದು ಅವರ ಬಾಯಲ್ಲಿರಬೇಕು. ಶಾಲೆಯಿಂದ ಮಗುವಿಗೆ ಜ್ವರ ಅಂತ ಫೋನ್ ಬಂದರೆ ಅವರಿಗೆ ಬರಬೇಕು. ಈ ಕೊನೆಯದು ಕೇಳಲು ಚಿಕ್ಕದು. ಆದರೆ ಅಪ್ಪನ ನಂಬರ್ ಮೊದಲು ಬರೆದುಕೊಟ್ಟರೂ ಅಮ್ಮನಿಗೇ ಫೋನ್ ಮಾಡುವ ಶಾಲೆಗಳಿವೆ. ಒಂದೆರಡು ಸಲ "ಇವರ ಅಪ್ಪನಿಗೆ ಮಾಡಿ" ಅಂತ ಹೇಳಿ ಇಟ್ಟುಬಿಡಿ. ಕಲಿಯುತ್ತಾರೆ.

ಕಷ್ಟದ ಭಾಗ ಇದರ ನಂತರ ಬರುತ್ತದೆ. ಕೊಟ್ಟ ಮೇಲೆ ಸುಮ್ನೆ ಇರಬೇಕು. ಮಗ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಬೂದು ಬಣ್ಣದ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ. ತಲೆ ಬಾಚಿರುವುದಿಲ್ಲ. ಆಗ ನಾವು ಓಡಿಹೋಗಿ ಸರಿಮಾಡಿದರೆ ಕಾವಲು ಮತ್ತೆ ನಮ್ಮ ಕೈಗೇ ಬರುತ್ತದೆ. ಬೇರೆಯವರು ಏನಂದುಕೊಳ್ಳುತ್ತಾರೆ ಅಂತ ಅನ್ನಿಸುತ್ತದೆ. ಅಂದುಕೊಳ್ಳುತ್ತಾರೆ, ಖಂಡಿತ. ಅಪ್ಪ ಕಳಿಸಿದ ಮಗುವಿನ ಸಾಕ್ಸ್‌ಗೂ ಬೈಗುಳ ಅಮ್ಮನಿಗೇ. ಆ ಬೈಗುಳವನ್ನು ಕಿವಿಯ ಮೇಲೆ ಹಾಕಿಕೊಳ್ಳದೇ ಇರುವ ಅಭ್ಯಾಸ ಮಾಡಿಕೊಳ್ಳಬೇಕು.

ಇಲ್ಲಿ ಅಪರಾಧಿ ಭಾವದ ಬಗ್ಗೆ ಸ್ವಲ್ಪ ಹೇಳಲೇಬೇಕು, ದಾರಿ ತಪ್ಪಿದರೂ ಪರವಾಗಿಲ್ಲ. ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರ ಒಂದು ಲೇಖನದಲ್ಲಿ, ಸಾಕಷ್ಟು ಒಳ್ಳೆಯವಳಾಗಿದ್ದರೆ ಸಾಕು ಎನ್ನುವ ತಾಯಿಯ ಬಗ್ಗೆ ಬರೆದರು. ಎಳೆಗೂಸಿಗೆ ಅವಳು ಪೂರ್ತಿ ಒಗ್ಗಿಕೊಳ್ಳುತ್ತಾಳೆ. ಮಗು ತಡೆದುಕೊಳ್ಳಲು ಕಲಿತ ಹಾಗೆ ಅವಳು ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಾಳೆ. ಆ ಸರಿಯುವುದು ಮಗುವಿನ ಬೆಳವಣಿಗೆಗೆ ಬೇಕು. ಮಗುವಿನ ಎಲ್ಲ ಬೇಡಿಕೆಯೂ ಆ ಕ್ಷಣಕ್ಕೇ ಈಡೇರಿದರೆ ಹೊರಗಿನ ಜಗತ್ತು ಅಂತ ಒಂದಿದೆ ಅನ್ನುವುದೇ ಅದಕ್ಕೆ ತಿಳಿಯುವುದಿಲ್ಲ.

ಗಂಟೆಗಳ ಲೆಕ್ಕ ಹಾಕಿ ನೋಯುವವರಿಗೆ ಇನ್ನೊಂದು ವಿಷಯ. ಸಮಾಜಶಾಸ್ತ್ರಜ್ಞೆ ಮೆಲಿಸಾ ಮಿಲ್ಕಿ ಮತ್ತು ಅವರ ಜೊತೆಯವರು ಅಮೆರಿಕದ ಮಕ್ಕಳ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 11 ವರ್ಷದ ಮಕ್ಕಳ ವಿಷಯದಲ್ಲಿ, ತಾಯಿ ಜೊತೆಗಿದ್ದ ಒಟ್ಟು ಗಂಟೆಗಳಿಗೂ ಮಕ್ಕಳ ನಡವಳಿಕೆ, ಮನಸ್ಸಿನ ಸ್ಥಿತಿ, ಓದಿಗೂ ಸಂಬಂಧ ಕಾಣಲಿಲ್ಲ. ಹದಿಹರೆಯದಲ್ಲಿ ಮಾತ್ರ ಜೊತೆಗೆ ಕಳೆದ ಹೊತ್ತಿಗೆ ಬೆಲೆ ಇತ್ತು. ನಾವು ಮಾಡುವುದು ತಿರುಗುಮುರುಗು. ಮಗು ಚಿಕ್ಕದಿದ್ದಾಗ ಪಕ್ಕದಲ್ಲಿಲ್ಲ ಅಂತ ಅಳುತ್ತೇವೆ. ಹದಿನಾಲ್ಕು ಆದ ಮೇಲೆ, ಇನ್ನೇನು ದೊಡ್ಡವಳಾದಳು ಅಂತ ನಿಟ್ಟುಸಿರು ಬಿಡುತ್ತೇವೆ. ಒಂದೇ ಅಧ್ಯಯನ ಎಲ್ಲರ ಮನೆಗೂ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಶನಿವಾರ ಎರಡು ಗಂಟೆ ಅಮ್ಮ ಬಾಗಿಲು ಹಾಕಿಕೊಂಡು ಬರೆದರೆ ಮಗು ಹಾಳಾಗುತ್ತದೆ ಅನ್ನುವವರಿಗೆ ಹೇಳಲು ಇಷ್ಟು ಸಾಕು.

ಈಗ ಸಭೆಯಿಂದ ಒಬ್ಬರು ಕೇಳಿದರು, ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರೇ ಇಲ್ಲದಿದ್ದರೆ? ಇದ್ದರೂ ಏನೂ ಮಾಡದವರಾದರೆ? ನ್ಯಾಯವಾದ ಪ್ರಶ್ನೆ. ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಅರ್ಧ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅಂಥವರಿಗೆ ಎರಡು ದಾರಿ ಇವೆ, ದುಡ್ಡು ಮತ್ತು ಇನ್ನೊಬ್ಬ ತಾಯಿ. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1928ರಲ್ಲಿ ಕೇಂಬ್ರಿಜ್‌ನ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಮಾತಾಡಿದಾಗ, ಹೆಂಗಸು ಬರೆಯಬೇಕಾದರೆ ಅವಳಿಗೆ ಸ್ವಂತ ದುಡ್ಡು ಬೇಕು, ಬೀಗ ಹಾಕಿಕೊಳ್ಳುವ ಕೋಣೆ ಬೇಕು ಅಂದರು. ಆ ಮಾತಿನಲ್ಲಿ ಕೋಣೆಯನ್ನು ಎಲ್ಲರೂ ನೆನಪಿಟ್ಟುಕೊಂಡರು, ದುಡ್ಡನ್ನು ಮರೆತರು. ವುಲ್ಫ್‌ಗೆ ಮಕ್ಕಳಿರಲಿಲ್ಲ, ಮನೆಗೆಲಸಕ್ಕೆ ಜನ ಇದ್ದರು. ಆದರೂ ದುಡ್ಡಿನ ಮಾತು ಸರಿಯೇ. ನಿಮ್ಮ ಸಂಬಳದ ಒಂದು ಪಾಲು ನಿಮ್ಮ ಬಿಡುವನ್ನು ಕೊಳ್ಳಲು ಹೋಗಲಿ. ಮಗುವನ್ನು ನೋಡಿಕೊಳ್ಳುವವರಿಗೆ ಎರಡು ಗಂಟೆ ಜಾಸ್ತಿ ಕೊಟ್ಟರೂ ಆಯಿತು. ಅದನ್ನು ದುಂದು ಅನ್ನುವವರು, ಆಫೀಸಿಗೆ ಹೋಗಲು ಇಷ್ಟೇ ಖರ್ಚಾದರೆ ಏನೂ ಅನ್ನುವುದಿಲ್ಲ ಅನ್ನುವುದನ್ನು ಗಮನಿಸಿ.

ದುಡ್ಡಿಲ್ಲದಿದ್ದರೆ ಇನ್ನೊಬ್ಬ ತಾಯಿ. ಒಂದು ವಾರ ಅವಳ ಮಕ್ಕಳೂ ನಿಮ್ಮ ಮನೆಯಲ್ಲಿ, ಇನ್ನೊಂದು ವಾರ ನಿಮ್ಮ ಮಕ್ಕಳು ಅವಳ ಮನೆಯಲ್ಲಿ. ನನ್ನ ಹಳೆಯ ಕಥೆಗಳು ಮುಗಿದದ್ದು ಹೀಗೆಯೇ. ಗೆಳತಿ ಚಿತ್ರ ಬಿಡಿಸುತ್ತಿದ್ದಳು, ನಾನು ಬರೆಯುತ್ತಿದ್ದೆ. ಮಕ್ಕಳು ನಾಲ್ಕಾದರೆ ಗಲಾಟೆ ಎರಡು ಪಟ್ಟು ಆಗುತ್ತದೆ ಅಂದುಕೊಂಡಿದ್ದೆವು. ಆಗುವುದಿಲ್ಲ. ಅವರವರೇ ಆಡಿಕೊಳ್ಳುತ್ತಾರೆ.

ಇನ್ನು ಕೆಲಸ. ಕೆಲಸ ಬಿಟ್ಟು ಬರೆಯಲೇ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಬಿಡಬೇಡಿ. ಸಂಬಳ ಬರುತ್ತಿದ್ದರೆ ಕೆಟ್ಟದಾಗಿ ಬರೆಯುವ ಸ್ವಾತಂತ್ರ್ಯ ಇರುತ್ತದೆ. ಮೊದಲ ಹತ್ತು ಕಥೆ ಕೆಟ್ಟದಾಗಿಯೇ ಬರುತ್ತವೆ, ಅವುಗಳಿಂದ ಮನೆ ನಡೆಯಬೇಕಾಗಿ ಬಂದರೆ ಹನ್ನೊಂದನೆಯದು ಬರುವುದಿಲ್ಲ. ಕೆಲಸವೇ ಬರವಣಿಗೆಗೆ ಸರಕು ಕೊಡುವುದೂ ಉಂಟು. ಅನುಪಮಾ ನಿರಂಜನ ಅವರನ್ನು ನೋಡಿ. ವೈದ್ಯೆ, ಇಬ್ಬರು ಹೆಣ್ಣುಮಕ್ಕಳ ತಾಯಿ, ಕಾದಂಬರಿಗಾರ್ತಿ. ತಾಯಿ ಮತ್ತು ಮಗುವಿನ ಆರೈಕೆಯ ಬಗ್ಗೆ ಅವರು ಬರೆದ ಪುಸ್ತಕವನ್ನು ಎಷ್ಟೋ ಮನೆಗಳಲ್ಲಿ ಬಸುರಿಯರು ಓದಿದ್ದಾರೆ. ಮಕ್ಕಳಿಗೆ ದಿನಕ್ಕೊಂದರಂತೆ ಹೇಳುವಷ್ಟು ಕಥೆಗಳನ್ನೂ ಬರೆದರು. ಆಸ್ಪತ್ರೆ, ಮನೆ, ಬರವಣಿಗೆ ಮೂರೂ ಒಂದರ ಒಳಗೊಂದು ಹರಿದಿವೆ. ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡಬೇಕು ಅನ್ನುವ ಹಟ ನಮಗೇಕೆ?

ಆದರೆ ಎಲ್ಲ ಕೆಲಸವೂ ಒಂದೇ ಅಲ್ಲ. ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್, 2023ರಲ್ಲಿ ನೊಬೆಲ್ ಪಡೆದವರು, ದುರಾಸೆಯ ಕೆಲಸಗಳ ಬಗ್ಗೆ ಬರೆದಿದ್ದಾರೆ. ಯಾವ ಹೊತ್ತಿನಲ್ಲಿ ಕರೆದರೂ ಬರುವವರಿಗೆ ಈ ಕೆಲಸಗಳು ಲೆಕ್ಕಕ್ಕೆ ಮೀರಿ ಸಂಬಳ ಕೊಡುತ್ತವೆ. ಮಗು ಹುಟ್ಟಿದ ಮೇಲೆ ಮನೆಯಲ್ಲಿ ಒಬ್ಬರು ಅಂಥ ಕೆಲಸ ಹಿಡಿದರೆ ಇನ್ನೊಬ್ಬರು ಮನೆಯ ಕರೆಗೆ ಸಿಗುವ ಕೆಲಸ ಹಿಡಿಯಬೇಕಾಗುತ್ತದೆ. ಆ ಇನ್ನೊಬ್ಬರು ಯಾರು ಅಂತ ನಿಮಗೆ ಗೊತ್ತು. ಗೋಲ್ಡಿನ್ ಹೇಳುವುದು ಸಂಬಳದ ಅಂತರದ ಬಗ್ಗೆ. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ರಾತ್ರಿ ಒಂಬತ್ತಕ್ಕೂ ಮುಗಿಯದ ಕೆಲಸ ಬರವಣಿಗೆಯನ್ನೂ ತಿನ್ನುತ್ತದೆ. ಹಾಗಾಗಿ ಪ್ರೊಮೋಷನ್ ಬಂದಾಗ ಸಂಬಳ ಎಷ್ಟು ಅಂತ ಕೇಳುವುದರ ಜೊತೆಗೆ ಇನ್ನೊಂದು ಕೇಳಿ: ಈ ಕೆಲಸ ದಿನಕ್ಕೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಉತ್ತರ ಕೇಳಿಯೂ ಒಪ್ಪಿಕೊಳ್ಳಬಹುದು. ಹಾಗೆ ಒಪ್ಪಿಕೊಂಡ ವರ್ಷ ಕಾದಂಬರಿ ಶುರುಮಾಡಬೇಡಿ.

ತಲೆಯ ವಿಷಯಕ್ಕೆ ವಾಪಸ್ ಬರೋಣ. ಎಷ್ಟೇ ಹಂಚಿದರೂ ತಾಯಿಯ ಕೆಲಸದಲ್ಲಿ ತಡೆ ಇದ್ದೇ ಇರುತ್ತದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನಮ್ಮ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ. ಮುಂದೆ ಥೆರೆಸಾ ಗ್ಲಾಂಬ್ ಜೊತೆ ಸೇರಿ 2018ರಲ್ಲಿ ಅದಕ್ಕೊಂದು ಸುಲಭದ ಉಪಾಯವನ್ನೂ ಪರೀಕ್ಷಿಸಿದರು. ಎದ್ದು ಹೋಗುವ ಮುಂಚೆ, ಎಲ್ಲಿಗೆ ಬಂದಿದ್ದೇನೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು ಅಂತ ಒಂದು ನಿಮಿಷದಲ್ಲಿ ಬರೆದಿಡುವುದು. ಅಷ್ಟರಿಂದಲೇ ಮುಂದಿನ ಕೆಲಸದಲ್ಲಿ ಗಮನ ನಿಂತಿತು. ಅವರದು ಆಫೀಸಿನ ಕೆಲಸದ ಬಗ್ಗೆ ಮಾಡಿದ ಅಧ್ಯಯನ. ಕಥೆಗೂ ಇದು ಚೆನ್ನಾಗಿ ಹೊಂದುತ್ತದೆ. ಮಗು ಕರೆದಾಗ "ಬಂದೆ" ಅಂದು, ಒಂದು ಚೀಟಿಯಲ್ಲಿ 'ಅತ್ತೆ ಕಾಗದ ಓದುತ್ತಾಳೆ, ನಗುತ್ತಾಳೆ' ಅಂತ ಗೀಚಿ ಏಳಿ. ರಾತ್ರಿ ಕೂತಾಗ ಆ ನಗುವಿನಿಂದ ಶುರು. ಇಲ್ಲದಿದ್ದರೆ ಸಿಕ್ಕ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಹಿಂದಿನದನ್ನು ಓದುವುದರಲ್ಲೇ ಹೋಗುತ್ತದೆ.

ಬ್ರಿಟಿಷ್ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರಿಗೆ ಮೊದಲೇ ಒಬ್ಬ ಮಗ ಇದ್ದ. 1934ರಲ್ಲಿ ಒಟ್ಟಿಗೆ ಮೂರು ಮಕ್ಕಳು ಹುಟ್ಟಿದವು. ಕಲ್ಲು ಕೆತ್ತುವ ಕೆಲಸ, ಕೈಯಲ್ಲಿ ಮೂರು ಎಳೆಗೂಸು! ಮತ್ತೆ ಉಳಿ ಹಿಡಿದಾಗ ತಮ್ಮ ಕೆಲಸದ ದಿಕ್ಕೇ ಬದಲಾಗಿತ್ತು ಅಂತ ಅವರು ಬರೆದುಕೊಂಡಿದ್ದಾರೆ. ಆಕಾರಗಳ ನಡುವಿನ ಅಂತರ, ಅಳತೆ, ತೂಕಗಳ ಕಡೆಗೆ ಮನಸ್ಸು ತಿರುಗಿತ್ತು. ಕೈಗೆ ಉಳಿ ಸಿಗದ ದಿನಗಳಲ್ಲೂ ಒಳಗೆ ಏನೋ ನಡೆದಿರಬೇಕು ಅಂತ ನನಗೆ ಅನ್ನಿಸುತ್ತದೆ. ಪ್ರತಿದಿನ ಒಂದಿಷ್ಟಾದರೂ ಕೆಲಸ ಮಾಡಲೇಬೇಕು ಅನ್ನುವುದು ಅವರ ಪಟ್ಟು. ಮಕ್ಕಳು ಕಲ್ಲಿನ ಧೂಳಿನ ನಡುವೆಯೇ ಬೆಳೆದರು.

ಗೆದ್ದವರ ಕಥೆಯನ್ನೇ ಹೇಳಿದರೆ ಅನ್ಯಾಯವಾಗುತ್ತದೆ. ಅಮೆರಿಕದ ಲೇಖಕಿ ಟಿಲ್ಲಿ ಓಲ್ಸೆನ್ ನಾಲ್ಕು ಹೆಣ್ಣುಮಕ್ಕಳನ್ನು ಬೆಳೆಸುತ್ತಾ, ಸಿಕ್ಕ ಕೆಲಸ ಮಾಡುತ್ತಾ ದಶಕಗಳ ಕಾಲ ಬರೆಯಲಾಗದೆ ಉಳಿದರು. ಅವರ ಮೊದಲ ಕಥಾಸಂಕಲನ ಬಂದದ್ದು 1961ರಲ್ಲಿ, ಐವತ್ತರ ಹತ್ತಿರ ಬಂದಾಗ. ಹೀಗೆ ಬರೆಯದೇ ಉಳಿದವರ ಬಗ್ಗೆಯೇ ಅವರು 1978ರಲ್ಲಿ ಒಂದು ಪುಸ್ತಕ ತಂದರು. ಅವರ ಬಗ್ಗೆ ಓದಿದಾಗ ಬರುವುದು ಸಿಟ್ಟು. ಅವರಲ್ಲಿ ಪ್ರತಿಭೆಯೂ ಇತ್ತು, ಶಿಸ್ತೂ ಇತ್ತು. ಪಕ್ಕದಲ್ಲಿ ಹೊರೆ ಹೊರಲು ಜನ ಇರಲಿಲ್ಲ. ಎಂ.ಕೆ. ಇಂದಿರಾ ಅವರೂ ಕಾದಂಬರಿ ಬರೆಯಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ. ಅದನ್ನು ನಾವು 'ತಡವಾದರೇನು' ಅಂತ ಸಂತೋಷದಿಂದ ಹೇಳುತ್ತೇವೆ. ನಾನು ಮಾತ್ರ, ಮೂವತ್ತರಲ್ಲಿ ಅವರು ಏನು ಬರೆಯುತ್ತಿದ್ದರೋ ಅಂತ ಯೋಚಿಸುತ್ತೇನೆ.

ಕೊನೆಯ ಪ್ರಶ್ನೆ ಕೇಳಿದವರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಎಂಟು ತಿಂಗಳಂತೆ. ಕೆಲಸಕ್ಕೆ ವಾಪಸ್ ಹೋಗಿದ್ದಾರೆ, ಕವಿತೆ ಬರೆಯುತ್ತಿದ್ದರು, ಈಗ ಒಂದು ಸಾಲೂ ಬರುತ್ತಿಲ್ಲ ಅನ್ನುತ್ತಾರೆ. ಈಗ ಬರೆಯಬೇಡಿ. ಸಾಲು ಹೊಳೆದರೆ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಕೇಳಲೂ ಹೋಗಬೇಡಿ. ಈ ತಿಂಗಳು ಮಾಡಬೇಕಾದ್ದು ಒಂದೇ. ಮಗುವಿನ ಒಂದು ಕೆಲಸವನ್ನು ಆರಿಸಿ, ಅದು ಊಟವಾಗಲಿ, ಬಟ್ಟೆಯಾಗಲಿ, ಲಸಿಕೆಯಾಗಲಿ, ನೆನಪಿಟ್ಟುಕೊಳ್ಳುವ ಹೊಣೆಯ ಸಮೇತ ಇನ್ನೊಬ್ಬರಿಗೆ ಕೊಟ್ಟುಬಿಡಿ. ವಾರಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಳ್ಳಿ. ಆ ಎರಡು ಗಂಟೆ ಕವಿತೆಗೇ ಹೋಗಬೇಕೆಂದಿಲ್ಲ. ಮೊದಲ ಕೆಲವು ವಾರ ನಿದ್ದೆ ಮಾಡಿದರೂ ಸರಿ, ಗೋಡೆ ನೋಡುತ್ತಾ ಕೂತರೂ ಸರಿ. ಆದರೆ ದಯವಿಟ್ಟು ಆ ಹೊತ್ತಿನಲ್ಲಿ ಬಟ್ಟೆ ಮಡಚಬೇಡಿ.